ಹಳೆಯ ಕ್ಯಾಸೆಟ್ಟಿನ ಬಿಳಿ ಗೆರೆಗಳು

ಮನೆಗೆ ಹೊಸ ಸಾಮಾನು ಬಂದರೆ ಬೇರೆ ಹೆಂಗಸರು ಅದನ್ನು ಮುಟ್ಟಿ ನೋಡುತ್ತಾರೆ. ನಾನು ನನ್ನ ದವಡೆ ಮುಟ್ಟಿಕೊಳ್ಳುತ್ತಿದ್ದೆ. ಅಕ್ಕಿಆಲೂರಿನ ನಮ್ಮ ಮನೆಗೆ ಹೊಸದು ಬರುತ್ತಿದ್ದ ದಾರಿಯೇ ಅದು. ನನ್ನ ಗಂಡ ಸಿಟ್ಟು ಬಂದಾಗ ಕೈಗೆ ಸಿಕ್ಕಿದ್ದರಿಂದ ಹೊಡೆಯುತ್ತಿದ್ದರು. ಸ್ವಲ್ಪ ದಿನದಲ್ಲಿ ಆ ನೆಗ್ಗಿದ ಪಾತ್ರೆಯೋ ಒಡೆದ ಗಡಿಯಾರವೋ ಮಾಯವಾಗಿ, ಅದರ ಜಾಗದಲ್ಲಿ ಅದಕ್ಕಿಂತ ಚೆಂದದ್ದು ಬಂದು ಕೂಡುತ್ತಿತ್ತು. ನೆಗ್ಗಿದ ಭಾಂಡೆಯನ್ನು ಬಂಕಾಪುರದ ಅಂಗಡಿಗೆ ಕೊಟ್ಟು ಹೊಸದನ್ನು ತರುವುದು ಮಾವನವರ ಕಾಲದಿಂದಲೂ ನಡೆದುಬಂದ ಪದ್ಧತಿ. ತಪ್ಪಾಯಿತು ಎನ್ನುವ ಮಾತು ಆ ಮನೆಯ ಗಂಡಸರ ಬಾಯಲ್ಲಿ ಹುಟ್ಟುತ್ತಿರಲಿಲ್ಲ. ಬಂದ ಬೀಗರು ಫಳಫಳ ಹೊಳೆಯುವ ನಮ್ಮ ಅಡುಗೆಮನೆಯನ್ನು ನೋಡಿ, ನಾನು ಪುಣ್ಯ ಮಾಡಿದವಳು ಅನ್ನುತ್ತಿದ್ದರು.

ನಾನು ಸವಣೂರಿನವಳು, ಓದಿದ್ದು ಹುಬ್ಬಳ್ಳಿಯ ಕಾನ್ವೆಂಟಿನ ಹಾಸ್ಟೆಲ್ಲಿನಲ್ಲಿದ್ದುಕೊಂಡು. ಅಲ್ಲಿ ಕ್ರಿಸ್‌ಮಸ್ ರಜೆಗೆ ಮೊದಲು ಸಿಸ್ಟರುಗಳು ಗೋಡೆಗೆ ಬಿಳಿ ಬೆಡ್‌ಶೀಟ್ ಕಟ್ಟಿ ನಮಗೆಲ್ಲ ಒಂದು ಇಂಗ್ಲಿಷ್ ಸಿನಿಮಾ ತೋರಿಸುತ್ತಿದ್ದರು. ಪ್ರತಿವರ್ಷ ಅದೇ ಸಿನಿಮಾ. ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಹಿಮದಲ್ಲಿ ರೈಲೊಂದು ಸಿಕ್ಕಿಬೀಳುತ್ತದೆ. ಡಬ್ಬಿಯ ಬಾಗಿಲುಗಳು ಹೆಪ್ಪುಗಟ್ಟಿ ತೆರೆಯುವುದಿಲ್ಲ. ಕಟ್ಟಕಡೆಯ ಡಬ್ಬಿಯಿಂದ ಹೇಗೋ ಇಳಿದ ಮುದುಕ ಗಾರ್ಡ್ ಕಂದೀಲು ಹಿಡಿದು ಹೋಗಿ, ಹಳ್ಳಿಯವರನ್ನು ಕರೆತಂದು ಬಾಗಿಲು ತೆಗೆಸುತ್ತಾನೆ. ಆಮೇಲೆ ಎಲ್ಲರೂ ಒಂದೇ ಪಾತ್ರೆಯಿಂದ ಸೂಪು ಕುಡಿಯುತ್ತಾರೆ. ಅಷ್ಟೇ ಕತೆ. ನಮ್ಮ ಮನೆಗೆ ವಿಸಿಆರ್ ಬಂದ ವರ್ಷ ಹಾಸ್ಟೆಲ್ಲಿನ ಗೋವಾದ ಗೆಳತಿ ಅದರ ಕ್ಯಾಸೆಟ್ ಕಳಿಸಿಕೊಟ್ಟಳು. ಕಾಪಿಯ ಕಾಪಿ, ಹಿಮ ಹಸಿರಾಗಿ ಕಾಣುತ್ತಿತ್ತು. ನನ್ನ ಮಗಳು ಅದನ್ನು ಹತ್ತಿ ಅಂದುಕೊಂಡಿದ್ದಳು. ಅತ್ತೆಗೆ ಭಾಷೆ ತಿಳಿಯದಿದ್ದರೂ ಗಾರ್ಡ್ ಬಿದ್ದಾಗಲೆಲ್ಲ ಲೊಚಗುಟ್ಟುತ್ತಿದ್ದರು. ಕ್ರಿಸ್‌ಮಸ್ ನಮ್ಮ ಹಬ್ಬವಲ್ಲ. ಆದರೂ ಆ ದಿನ ಸಂಜೆ ನಮ್ಮ ಮನೆಯಲ್ಲಿ ಆ ಸಿನಿಮಾ ಹಾಕುವುದು ರೂಢಿಯಾಯಿತು.

ನನ್ನವರಿಗೆ ಅಕ್ಕಿ ಗಿರಣಿಗಿಂತ ಹೋರಿಯ ಹುಚ್ಚು ಹೆಚ್ಚು. ನಮ್ಮ ಕಡೆ ದೀಪಾವಳಿಗೆ ಶುರುವಾಗುವ ಹೋರಿ ಓಟ ಚಳಿಗಾಲ ಪೂರ್ತಿ ಊರೂರಿನಲ್ಲಿ ನಡೆಯುತ್ತದೆ. ಹೋರಿಯ ಕೊರಳಿಗೆ ಒಣಕೊಬ್ಬರಿಯ ಮಾಲೆ ಕಟ್ಟಿ ಜನರ ನಡುವೆ ಬಿಡುತ್ತಾರೆ. ಕೊಬ್ಬರಿ ಹರಿಯಲು ಹುಡುಗರು ಮೈಮೇಲೆ ಬೀಳುತ್ತಾರೆ. ಕೋಡು ತೊಡೆಗೆ ಹೊಕ್ಕವರನ್ನು ಹೊತ್ತೊಯ್ಯುವುದನ್ನು ನಾನೇ ನೋಡಿದ್ದೇನೆ. ಕೊಬ್ಬರಿ ಕೊಡದೆ ಓಡಿದ ಹೋರಿ ಗೆದ್ದಂತೆ.

ಒಂದು ವರ್ಷ ಕ್ರಿಸ್‌ಮಸ್ಸಿನ ದಿನವೇ ಹಿರೇಕೆರೂರಿನ ಕಡೆ ನಮ್ಮ ಹೋರಿ ಸೋತಿತು. ಇವರು ಮನೆಗೆ ಬಂದಾಗ ಟಿವಿಯಲ್ಲಿ ಗಾರ್ಡ್ ಹಿಮದಲ್ಲಿ ನಡೆಯುತ್ತಿದ್ದ. ಇವರ ಕೈಯಲ್ಲಿ ಹರಿದ ಮಾಲೆಯ ಬರಿಯ ಹಗ್ಗವಿತ್ತು. ನಾನು ಏಳುವುದು ತಡವಾಯಿತೋ, ಮಗಳು ನಕ್ಕಳೋ, ಕಾರಣ ನೆನಪಿಲ್ಲ, ಇರಲೂ ಇಲ್ಲವೇನೋ. ಹಗ್ಗ ಮೊದಲು ಕುತ್ತಿಗೆಗೆ ಬಿತ್ತು. ಅದರ ಗಂಟಿಗೆ ಕೊಬ್ಬರಿಯ ಚೂರೊಂದು ಅಂಟಿಕೊಂಡಿತ್ತು, ಅದೇ ಗೀರಿದ್ದು. ಆಮೇಲೆ ನನ್ನ ಕೂದಲು ಹಿಡಿದು ಟಿವಿಯ ಸ್ಟ್ಯಾಂಡಿಗೆ ಹಣೆ ಬಡಿದರು. ಓಡುತ್ತಿದ್ದ ಕ್ಯಾಸೆಟ್ಟನ್ನು ಕಿತ್ತು ಗೋಡೆಗೆ ಎಸೆದರು. ಅದರ ಟೇಪು ಹೊರಬಂದು ವಿಸಿಆರ್‌ನಿಂದ ಗೋಡೆಯವರೆಗೆ ಹರಡಿತ್ತು. ಮಗಳು ಅದನ್ನು ತುಳಿಯದಂತೆ ಒಂದೇ ಕಾಲಲ್ಲಿ ನಿಂತು ಅಳುತ್ತಿದ್ದಳು. ನನ್ನ ಹಲ್ಲು ತುಟಿಯೊಳಗೆ ನೆಟ್ಟಿತ್ತು. ಅತ್ತ ಕೊಟ್ಟಿಗೆಯಲ್ಲಿ ಇವರು ಹೋರಿಯ ಮೈಗೆ ಎಣ್ಣೆ ತಿಕ್ಕುವ ಸದ್ದು ಕೇಳಿಸುತ್ತಿತ್ತು. ಹೋರಿಗೆ ಇವರು ಯಾವತ್ತೂ ಒಂದು ಏಟು ಹೊಡೆದವರಲ್ಲ.

ನಾನು ಆ ಟೇಪನ್ನು ಸುತ್ತಿಟ್ಟು, ತವರಿಗೆ ಹೋಗುವಾಗ ಶಿಗ್ಗಾಂವಿಯ ವಿಡಿಯೊ ಅಂಗಡಿಗೆ ಒಯ್ದೆ. ಅಂಗಡಿಯವರು ಮುದುಡಿದ ಭಾಗವನ್ನು ಕತ್ತರಿಸಿ, ಉಳಿದದ್ದನ್ನು ಜೋಡಿಸಿಕೊಟ್ಟರು. ಹೋದದ್ದು ಬಾಗಿಲು ತೆರೆಯುವ ದೃಶ್ಯ. ಗಾರ್ಡ್ ನಡೆಯುತ್ತಿರುವಾಗ ಪರದೆಯ ಮೇಲೆ ಬಿಳಿ ಗೆರೆಗಳು ಕುಣಿದು, ಕರ್ ಎಂದು ಸದ್ದಾಗಿ, ಮರುಗಳಿಗೆ ಎಲ್ಲರೂ ಸೂಪು ಕುಡಿಯುತ್ತಿರುತ್ತಾರೆ. ಬಾಗಿಲು ಹೇಗೆ ತೆಗೆದರು ಎಂದು ಮಗಳು ಪ್ರತಿಸಲ ಕೇಳುತ್ತಿದ್ದಳು. ನಾನು ಬಾಯಿಮಾತಿನಲ್ಲಿ ಹೇಳುತ್ತಿದ್ದೆ. ಅವಳಿಗೆ ಸಮಾಧಾನವಾಗುತ್ತಿರಲಿಲ್ಲ.

ಮರುವರ್ಷ ಸಿನಿಮಾ ನೋಡುವಾಗ ಒಂದು ಸಂಗತಿ ಗಮನಿಸಿದೆ. ಗೆರೆಗಳು ಬಂದ ಕೂಡಲೆ ಇವರು ನೀರು ಕುಡಿಯುವ ನೆವದಲ್ಲಿ ಎದ್ದು ಹೋದರು. ಪಕ್ಕದಲ್ಲೇ ತುಂಬಿದ ತಂಬಿಗೆ ಇತ್ತು. ಅದರ ಮುಂದಿನ ವರ್ಷವೂ ಹಾಗೆಯೇ ಎದ್ದರು. ಆ ಮನೆಯಲ್ಲಿ ಹೊಡೆದ ಗುರುತು ಉಳಿದ ವಸ್ತು ಅದೊಂದೇ, ಮತ್ತು ಅದನ್ನು ಇವರಿಂದ ನೋಡಲಾಗುತ್ತಿರಲಿಲ್ಲ.

ಆಮೇಲಿನ ಡಿಸೆಂಬರಿನಲ್ಲಿ ಇವರು ಹುಬ್ಬಳ್ಳಿಯಿಂದ ಅದೇ ಸಿನಿಮಾದ ಹೊಸ ಕ್ಯಾಸೆಟ್ ತಂದರು. ಹೊಸ ಪ್ರಿಂಟು, ಪೂರ್ತಿ ಸಿನಿಮಾ, ಬಣ್ಣದ ಚಿತ್ರವಿದ್ದ ಪ್ಲಾಸ್ಟಿಕ್ ಪೆಟ್ಟಿಗೆ. ಹಿಂದೆ ಬಿಟ್ಟುಹೋಗಿದ್ದ ದೃಶ್ಯಗಳನ್ನೂ ಸೇರಿಸಿದ್ದಾರೆಂದು ಅದರ ಮೇಲೆ ಬರೆದಿತ್ತು. ಹಿಂದಿನ ವಾರವಷ್ಟೇ ಇವರು ನನ್ನ ಬೆರಳನ್ನು ಬಾಗಿಲ ಸಂದಿಗೆ ಹಾಕಿ ಬಾಗಿಲು ನೂಕಿದ್ದರು. ಉಗುರು ಇನ್ನೂ ಕಪ್ಪಾಗಿತ್ತು. ಮಗಳು ಪೆಟ್ಟಿಗೆಯನ್ನು ಎದೆಗವಚಿಕೊಂಡಳು. ಈಗ ಬಾಗಿಲು ತೆರೆಯುವುದು ಕಾಣುತ್ತದಲ್ಲವೇ ಎಂದು ಕೇಳಿದಳು. ನನಗೂ ಆಸೆಯಾಯಿತು. ಕಂದೀಲಿನ ಬೆಳಕು ಮಂಜುಗಟ್ಟಿದ ಗಾಜಿನ ಮೇಲೆ ಬೀಳುವುದನ್ನು ಹಾಸ್ಟೆಲ್ ಬಿಟ್ಟ ಮೇಲೆ ನಾನೂ ಸರಿಯಾಗಿ ನೋಡಿರಲಿಲ್ಲ.

"ಹಳೇದು ಕೊಡು. ನಾಳಿ ಶಿಗ್ಗಾಂವಿಗೆ ಹೊಂಟೇನಿ, ಅಂಗಡಿಯಾಂವ ಅದರ ಮ್ಯಾಲ ಬ್ಯಾರೆ ಪಿಚ್ಚರ್ ತುಂಬ್ತಾನಂತ," ಅಂದರು.

ಅಳಿಸಿ ಬೇರೆ ತುಂಬುತ್ತಾರೆ ಎಂದು ಕೇಳಿದ ಕೂಡಲೆ ನನ್ನ ಆಸೆ ತಣ್ಣಗಾಯಿತು. ಹೊಸದು ಇರಲಿ, ಹಳೆಯದನ್ನು ಕೊಡುವುದಿಲ್ಲ ಎಂದೆ.

"ನಮ್ಮನಿ ಕಾನ್ವೆಂಟ್ ಸಿಸ್ಟರಿಗೆ ಹರಕ ಟೇಪ ಮ್ಯಾಲ ಭಾಳ ಪ್ರೀತಿ," ಎಂದು ನಕ್ಕರು. ಆ ನಗೆಯ ಹಿಂದೆ ಏನು ಬರುತ್ತದೆ ಎಂದು ನನಗೆ ಗೊತ್ತಿತ್ತು. ಹಳೆಯ ಕ್ಯಾಸೆಟ್ಟನ್ನು ಕೈಗೆತ್ತಿಕೊಂಡು, ಮಗಳನ್ನು ಅತ್ತೆಯ ಕಡೆ ಸರಿಸಿದೆ.

"ಹಿರೇಕೆರೂರಾಗ ಸೋತ ಹೋರಿ ಇನ್ನೂ ಕೊಟ್ಟಿಗ್ಯಾಗ ಐತ್ರಿ," ಎಂದೆ. "ಅದನ್ನ ಕೊಟ್ಟು ಹೊಸಾದು ಯಾಕ ತರಲಿಲ್ಲ?"

ಹೊಸ ಪೆಟ್ಟಿಗೆಯಿಂದಲೇ ಹೊಡೆದರು. ಅದರ ಮೂಲೆ ಹುಬ್ಬಿಗೆ ತಗುಲಿ, ರಕ್ತ ಕಣ್ಣೊಳಗೆ ಇಳಿಯಿತು. ಎರಡನೆಯ ಏಟಿಗೆ ಪೆಟ್ಟಿಗೆ ಸೀಳಿ ಕ್ಯಾಸೆಟ್ ನೆಲಕ್ಕೆ ಬಿತ್ತು. ಹೊಟ್ಟೆಗೆ ಒದೆ ಬಿದ್ದಾಗ ನಾನು ಕೈಯಲ್ಲಿದ್ದ ಹಳೆಯ ಕ್ಯಾಸೆಟ್ಟಿನ ಮೇಲೆ ಮಗುಚಿ ಬಿದ್ದೆ. ಅದರ ಅಂಚು ಪಕ್ಕೆಗೆ ಒತ್ತುತ್ತಿತ್ತು. ಇವರು ಮತ್ತೆ ಕಾಲೆತ್ತಿದಾಗ ಅತ್ತೆ ಒರಳಿನ ಬಳಿಯಿದ್ದ ಒನಕೆ ಹಿಡಿದು ನಡುವೆ ಬಂದರು. ಆ ಮನೆಯಲ್ಲಿ ಅವರು ಹಾಗೆ ನಿಂತದ್ದು ನಾನು ಕಂಡಿರಲಿಲ್ಲ. ಅವರಿಗೆ ಒಂದು ಕಿವಿ ಕೇಳುತ್ತಿರಲಿಲ್ಲ. ಹುಟ್ಟಿನಿಂದಲೇ ಹಾಗೆ ಎಂದು ನನಗೆ ಹೇಳಿದ್ದರು.

"ನಿಮ್ಮಪ್ಪ ತಾಮ್ರದ ಕೊಡದಲೇ ಈ ಕಿವಿ ಒಡದ," ಎಂದರು ಮಗನಿಗೆ. "ಮರುದಿನ ಬಂಕಾಪುರಕ್ಕ ಒಯ್ದು ಕೊಡ ಬದಲಿ ಮಾಡಿಕೊಂಡು ಬಂದ. ನಮ್ಮಪ್ಪ ಬಂದು ಕೊಡ ನೋಡಿದ. ಹೊಸಾದು ಐತಲ್ಲವಾ, ಏನೂ ಆಗಿಲ್ಲ ಅಂತ ಹೇಳಿ ಹೊಳ್ಳಿ ಹೋದ. ಆ ನೆಗ್ಗಿದ ಕೊಡ ಒಂದ ಇದ್ದಿದ್ರ ನನ್ನ ಕರಕೊಂಡು ಹೋಗತಿದ್ದ. ಅಕಿ ಟೇಪ ಅಕಿಗೆ ಇರ್ಲಿ."

ಇವರು ಒನಕೆಯನ್ನೇ ನೋಡುತ್ತ ನಿಂತರು. ಕಸಿದುಕೊಂಡಾರು ಎಂದುಕೊಂಡೆ. ಕಸಿದುಕೊಳ್ಳಲಿಲ್ಲ, ಬಾಗಿಲನ್ನು ಒದ್ದು ಹೊರಗೆ ಹೋದರು.

ಕ್ರಿಸ್‌ಮಸ್ಸಿನ ಸಂಜೆ, ಹುಬ್ಬಿನ ಹೊಲಿಗೆ ಇನ್ನೂ ಬಿಗಿಯುತ್ತಿರುವಾಗಲೇ, ನಾನು ಹಳೆಯದನ್ನು ಹಾಕಿದೆ. ಹೊಸದನ್ನು ಮರುದಿನ ನೋಡೋಣ ಎಂದು ಮಗಳನ್ನು ಒಪ್ಪಿಸಿದ್ದೆ. ಹಸಿರು ಹಿಮ, ಕಂದೀಲು, ಗಾರ್ಡ್. ಬಿಳಿ ಗೆರೆಗಳು ಬಂದವು. ಇವರು ಎದ್ದರು.

"ಎಲ್ಲಿ ಹೊಂಟಿ?" ಎಂದರು ಅತ್ತೆ, ಪರದೆಯಿಂದ ಕಣ್ಣು ತೆಗೆಯದೆ. "ಕುಂದರು."

ಇವರು ಕೂತರು. ಗೆರೆಗಳ ಬೆಳಕು ಅವರ ಮುಖದ ಮೇಲೆ ಕುಣಿಯಿತು. ತೊಡೆಯ ಮೇಲಿದ್ದ ಕೈಬೆರಳುಗಳು ಮುಷ್ಟಿಯಾಗಿ, ಬಿಚ್ಚಿ, ಮತ್ತೆ ಮುಷ್ಟಿಯಾದವು.

ಅಲ್ಲಿಂದ ಮುಂದೆ ಹೊಡೆಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಹೊಡೆದರು. ಆದರೆ ನೆಗ್ಗಿದ ಪಾತ್ರೆಗಳನ್ನು ಬಂಕಾಪುರಕ್ಕೆ ಒಯ್ಯಲು ಅತ್ತೆಯೂ ನಾನೂ ಬಿಡಲಿಲ್ಲ. ಕುಕ್ಕರಿನ ತಗ್ಗು, ಸೊಟ್ಟ ಸೌಟು, ಹಿಡಿಕೆ ಮುರಿದ ಹಂಚು ಎಲ್ಲವೂ ಅಡುಗೆಮನೆಯ ಹಲಗೆಯ ಮೇಲೆ ಎದುರಿಗೇ ಇರುತ್ತಿದ್ದವು. ಮುಂದಿನ ಬೇಸಿಗೆಯಲ್ಲಿ ಸವಣೂರಿನಿಂದ ಅಪ್ಪ ಬಂದಾಗ ಕುಕ್ಕರನ್ನು ಕೈಗೆತ್ತಿಕೊಂಡು, ಇದೇನಾತವಾ ಎಂದು ಕೇಳಿದರು. ಹೇಳಿದೆ.