ಬಿರುಕಿನ ಮೇಲಿನ ಗಾಜು

ನನ್ನ ಗಂಡ ಗಾರೆ ಕೆಲಸದವರು. ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಗೋಡೆ ನೋಡಿಕೊಳ್ಳುವುದರಲ್ಲೇ ಮೂವತ್ತೊಂದು ವರ್ಷ ಕಳೆದರು. ನಾನು ಅಲ್ಲೇ ಕಸ ಗುಡಿಸುತ್ತೇನೆ. ಎರಡು ತಿಂಗಳು ಹಾಸಿಗೆ ಹಿಡಿದು ಅವರು ಹೋದರು. ಹೋಗಿ ಮೂರು ವಾರಕ್ಕೆ ನಡೆದದ್ದು ಇದು.

ಯೂನಿವರ್ಸಿಟಿಯಲ್ಲಿ ಇದೇ ಮೊದಲ ಹಾಸ್ಟೆಲ್ಲು. ನಡುವೆ ಅಂಗಳ, ಸುತ್ತ ನಾಲ್ಕು ಸಾಲು ಕೋಣೆ, ಎಲ್ಲ ಬಾಗಿಲೂ ಅಂಗಳದ ಕಡೆಗೇ. ಮೂಲೆಯಲ್ಲಿ ನಿಂತರೆ ಹೋಗುವವರು ಬರುವವರು ಎಲ್ಲ ಕಣ್ಣಿಗೆ ಬೀಳಬೇಕು.

"ಓದೋಕೆ ಕಟ್ಟಿದ್ದಲ್ಲ ಕಣೇ, ಕಾಯೋಕೆ ಕಟ್ಟಿದ್ದು" ಅನ್ನುತ್ತಿದ್ದರು ಇವರು.

ಪೂರ್ವದ ಸಾಲು ಎಲ್ಲಕ್ಕಿಂತ ಹಳೆಯದು. ಕಲ್ಲು, ಸುಣ್ಣದ ಗಾರೆ, ಎರಡು ಅಂತಸ್ತು. ಹುಡುಗಿಯರು ಹೆಚ್ಚಾದರು ಅಂತ ಅದರ ತಲೆ ಮೇಲೆ ಒಂದು ದೊಡ್ಡ ಹಾಲ್ ಹೊರಿಸಿದರು. ಆ ಕೆಲಸಕ್ಕೆ ಇವರೂ ಬಂದಿದ್ದರು. ಪಾಯ ಎರಡು ಅಂತಸ್ತಿಗೆ ಮಾತ್ರ ಹಾಕಿದ್ದು ಅಂತ ಇವರು ಅಂದಿದ್ದಕ್ಕೆ ಮೇಸ್ತ್ರಿ, "ನೀನು ಯಾವ ಕಾಲೇಜಲ್ಲಿ ಕಲಿತೆಯಪ್ಪಾ?" ಅಂದನಂತೆ. ಮಾರನೆಯ ವರ್ಷವೇ ಮೆಟ್ಟಿಲ ಪಕ್ಕದ ಗೋಡೆ ಬಿರುಕು ಬಿಟ್ಟಿತು.

ಅವತ್ತಿನಿಂದ ಇವರು ಬಿರುಕಿಗೆ ಅಡ್ಡವಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆಯುತ್ತಿದ್ದರು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಒಡೆದಾಗೆಲ್ಲ ಹಾಲಿಗೆ ಬೀಗ ಹಾಕಿಸಿ, ಬಿರುಕು ತುಂಬಿ, ಹೊಸ ಗಾಜು ಕೂರಿಸುವುದು. ಹುಡುಗಿಯರು ಇವರಿಗೆ ಗೋಡೆ ಡಾಕ್ಟ್ರು ಅಂತ ಹೆಸರಿಟ್ಟಿದ್ದರು.

"ಡಾಕ್ಟ್ರೇ, ಇವತ್ತು ಗೋಡೆಗೆ ಜ್ವರ ಎಷ್ಟು?"

"ನಿನ್ನ ಮಾರ್ಕ್ಸಿಗಿಂತ ಜಾಸ್ತಿ. ಓದ್ಕೋ ಹೋಗು."

ಹಾಸ್ಟೆಲ್ಲಿಗೆ ನೂರು ವರ್ಷ ಅಂತ ಸಭೆ ಇಟ್ಟರು. ಮೇಲಿನ ಹಾಲಿನಲ್ಲೇ, ಇನ್ನೂರು ಜನ, ಸಂಜೆ ನಾಲ್ಕಕ್ಕೆ. ಅದಕ್ಕಾಗಿ ಪೇಂಟು ಹೊಡೆಸಿದರು. ಪೇಂಟರುಗಳು ಗಾಜಿನ ಮೇಲೂ ಬಳಿದು ಹೋಗಿದ್ದರು. ಅವರಿಗೇನು ಗೊತ್ತು. ಸಭೆಯ ದಿನ ಬೆಳಿಗ್ಗೆ ಮೆಟ್ಟಿಲು ಒರೆಸುವಾಗ ಗೋಡೆ ಸವರಿದೆ. ಉಗುರು ಸಿಕ್ಕಿಕೊಂಡಿತು. ಬಣ್ಣ ಕೆರೆದೆ. ಐದು ಗಾಜು, ಐದೂ ಒಡೆದಿದ್ದವು.

ಓಡಿಹೋಗಿ ಹೇಳಿದೆ. ವಾರ್ಡನ್ ಮೇಡಂ ಇಂಜಿನಿಯರನ್ನು ಕರೆಸಿದರು. ಇಂಜಿನಿಯರ್ ನೋಡಿ ನಕ್ಕರು.

"ಪೇಂಟರು ಉಜ್ಜೋವಾಗ ಒಡೆದಿರುತ್ತೆ. ನಿಮ್ಮ ಯಜಮಾನರದ್ದು ಒಂದು ಹುಚ್ಚು. ಪಾಪ, ದುಃಖದಲ್ಲಿದ್ದೀರಿ, ಮನೆಗೆ ಹೋಗಿ ಮಲಗಿ."

"ಮಲಗ್ತೀನಿ ಸಾರ್. ಮೊದಲು ಒಂದು ಗಾಜು ಅಂಟಿಸ್ತೀನಿ. ಅದು ಒಡೀಲಿಲ್ಲ ಅಂದ್ರೆ ಬಾಯಿ ಮುಚ್ಕೊಂಡು ಹೋಗ್ತೀನಿ."

"ಅಂಟಿಸಲಿ ಬಿಡಿ" ಅಂದರು ಮೇಡಂ.

ನನ್ನ ಗಂಡನ ಡಬ್ಬಿಯಲ್ಲಿ ಗಾಜಿನ ಪಟ್ಟಿ, ಪ್ಲಾಸ್ಟರ್ ಪುಡಿ ಉಳಿದಿದ್ದವು. ಕಲಸಿ ಅಂಟಿಸಿದೆ, ತಾರೀಖು ಬರೆದೆ. ಮಧ್ಯಾಹ್ನ ಒಂದು ಗಂಟೆಗೆ ಮೇಲಕ್ಕೆ ಕುರ್ಚಿ ಹೊರಲು ಶುರುವಾಯಿತು. ನಾನು ಮೆಟ್ಟಿಲ ಮೇಲೆ ಗಾಜಿನ ಎದುರಿಗೇ ಕುಳಿತೆ. ಐವತ್ತು ಕುರ್ಚಿ ಹೋಯಿತು. ನೂರು ಹೋಯಿತು. ಗಾಜು ಹಾಗೇ ಇತ್ತು. ಇನ್ನೂರೂ ಹೋಯಿತು.

"ಏನು ಡಾಕ್ಟ್ರಮ್ಮ, ರೋಗಿ ಹೇಗಿದ್ದಾನೆ?" ಅಂದರು ಇಂಜಿನಿಯರ್.

ನನಗೂ ಅನುಮಾನ ಬಂತು. ಹುಚ್ಚೇ ಇರಬಹುದಾ? ಮೂವತ್ತೊಂದು ವರ್ಷ?

ಮೂರೂವರೆಗೆ ಜನ ಬಂದರು. ಎಂದೋ ಇಲ್ಲಿದ್ದು ಓದಿದ ಅಜ್ಜಿಯರೂ ಇದ್ದರು. ನಗುತ್ತ, ಗೋಡೆ ಹಿಡಿದುಕೊಂಡು ಹತ್ತಿದರು. ನಾಲ್ಕು ಸಾಲು ಕುರ್ಚಿ ತುಂಬಿರಬೇಕು. ಟಿಕ್ ಅಂತ ಸದ್ದಾಯಿತು. ಅಷ್ಟೇ. ಬಳೆ ಒಡೆದಷ್ಟು.

ಎದ್ದು ಎರಡೂ ಕೈ ಚಾಚಿ ಮೆಟ್ಟಿಲಿಗೆ ಅಡ್ಡ ನಿಂತೆ. ಮೇಡಂ ಬಂದು ಗಾಜು ನೋಡಿದರು. ಇಂಜಿನಿಯರ್ ಮುಟ್ಟಿ ನೋಡಿದರು. ಮುಖ ಸುಣ್ಣವಾಯಿತು.

"ಎಲ್ಲರನ್ನೂ ಇಳಿಸಿ" ಅಂದರು. "ನಿಧಾನ. ಓಡೋದು ಬೇಡ."

ಒಬ್ಬೊಬ್ಬರಾಗಿ ಇಳಿದರು. ಕೊನೆಗೆ ಕೋಲೂರುವ ಒಬ್ಬ ಅಜ್ಜಿ. "ಯಾಕಮ್ಮ ದಬ್ಬುತ್ತೀ, ಇದು ನನ್ನ ಹಾಸ್ಟೆಲ್ಲು" ಅಂತ ಬೈದರು. ನನ್ನ ತಲೆ ಮೇಲೆ ಗಾರೆ ಪುಡಿ ಉದುರುತ್ತಿತ್ತು. ಅವರ ರಟ್ಟೆ ಹಿಡಿದು ಅಂಗಳಕ್ಕೆ ತಂದು ಬಿಟ್ಟೆ. ಸಭೆ ಅಂಗಳದಲ್ಲೇ ಆಯಿತು.

ಆಮೇಲೆ ಹಾಲ್ ಕೆಡವಿದರು. ಹಾಲಿನ ತೊಲೆ ಕೂತಿದ್ದ ಕಲ್ಲು ಕೈ ಹಾಕಿದ್ದೇ ಪುಡಿಯಾಯಿತಂತೆ. ಇಂಜಿನಿಯರ್ ನನ್ನನ್ನು ಹುಡುಕಿಕೊಂಡು ಬಂದು, ಗಾಜು ಹೇಗೆ ಅಂಟಿಸೋದು ತೋರಿಸಿ ಅಂದರು. ತೋರಿಸಿದೆ.

ಪೂರ್ವದ ಸಾಲು ಈಗ ಮತ್ತೆ ಎರಡೇ ಅಂತಸ್ತು. ಹೊಸ ಗಾಜು ಒಡೆದಿಲ್ಲ. ಇವರು ನೋಡಬೇಕಿತ್ತು.