ಸೃಷ್ಟಿಯ ಎಡಗೈ

2023ರಲ್ಲಿ ನಾನು ರಬಕವಿ–ಬನಹಟ್ಟಿ ಭಾಗದ ಅಂಗನವಾಡಿ ಮೇಲ್ವಿಚಾರಕಿಯಾಗಿದ್ದೆ. ಕೇಂದ್ರಗಳ ತಪಾಸಣೆ, ಮಕ್ಕಳ ತೂಕ, ಆಹಾರದ ದಾಸ್ತಾನು ಇವೆಲ್ಲ ಸಂಬಳದ ಕೆಲಸ. ಮನಸ್ಸಿಗೆ ಹಿಡಿಸಿದ ಕೆಲಸ ಮನೆಭೇಟಿ. ಅಕ್ಷರ ತಿದ್ದಿಸುವ ಮೊದಲು ಮಗುವಿಗೆ ಗೀಚಲು ಬಿಡಿ, ರೊಟ್ಟಿ ಹಿಟ್ಟು ನಾದಲು ಕೊಡಿ, ಕಾಳು ಆರಿಸಲಿ, ಬೆರಳಿಗೆ ಬಲ ಬಂದ ಮೇಲೆ ಅಕ್ಷರ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ತಾಯಂದಿರಿಗೆ ಹೇಳುತ್ತಿದ್ದೆ. ಇಲಾಖೆಯವರು ಇದನ್ನು ಪ್ರೀ-ರೈಟಿಂಗ್ ಸ್ಕಿಲ್ಸ್ ಅನ್ನುತ್ತಾರೆ. ಮಕ್ಕಳ ಮನೆಯವರು ಟೈಂಪಾಸ್ ಅನ್ನುತ್ತಿದ್ದರು.

ಆ ಬೇಸಿಗೆಯಲ್ಲಿ ಬನಹಟ್ಟಿಯ ಒಂದು ಕೇಂದ್ರದ ಕಾರ್ಯಕರ್ತೆ, ನಾಲ್ಕು ವರ್ಷದ ಸೃಷ್ಟಿ ಬಳಪವನ್ನೇ ಮುಟ್ಟುತ್ತಿಲ್ಲ ಎಂದು ಹೇಳಿದಳು. ನನಗೆ ನಂಬಿಕೆಯಾಗಲಿಲ್ಲ. ಹಿಂದಿನ ಭೇಟಿಯಲ್ಲಿ ಇದೇ ಹುಡುಗಿ ನೆಲದ ತುಂಬ ಮಗ್ಗದ ಚಿತ್ರ ಬರೆದು, ಅದಕ್ಕೆ ಕಾಲು ಬಿಡಿಸಿ, "ಇದು ಸಂತಿಗೆ ಹೊಂಟೈತಿ" ಎಂದು ನನಗೇ ತಿಳಿಸಿ ಹೇಳಿದ್ದಳು. ಅಂದೇ ಅವರ ಮನೆಗೆ ಹೋದೆ.

ಮುಂದಿನ ಕೋಣೆಯಲ್ಲಿ ಎರಡು ಪಾವರ್‌ಲೂಮ್. ಆ ಸದ್ದಿನಲ್ಲಿ ಗುಟ್ಟು ಹೇಳಬೇಕಾದರೂ ಕೂಗಿಯೇ ಹೇಳಬೇಕು. ತಾಯಿ ಸವಿತಾ ನನ್ನನ್ನು ಹಿತ್ತಲಿಗೆ ಕರೆದೊಯ್ದಳು.

"ಎಡಗೈಲೆ ಬರೀತಾಳ್ರಿ ಅಕ್ಕಾರ. ಜೂನ್‌ದಾಗ ಇಂಗ್ಲಿಷ್ ಸಾಲಿಗೆ ಹಾಕೂದೈತಿ. ಅದಕ ಮಾವಾರು ಬರಿಯೂ ಹೊತ್ತಿನ್ಯಾಗ ಆ ಕೈ ಕಟ್ಟತಾರ."

ಸೀರೆ ಅಂಚಿನ ಒಂದು ಪಟ್ಟಿ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಕೈಯನ್ನು ಬೆನ್ನ ಹಿಂದೆ ಕಟ್ಟುತ್ತಿದ್ದುದು ಅದರಿಂದಲೇ. ಕಟ್ಟುವ ಅಜ್ಜ ಗುರುಪಾದಪ್ಪನವರು ಕೆಟ್ಟವರಲ್ಲ. ಮೊಮ್ಮಗಳಿಗೆ ತಾವೇ ತಲೆ ಬಾಚುವವರು, ಅವಳನ್ನು ಬಿಟ್ಟು ಚಹಾ ಕುಡಿಯದವರು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಆದರೂ ಅಂದು ತಡೆದುಕೊಂಡೆ. ಎಡಗೈ ರೂಢಿ ಹುಟ್ಟಿನಿಂದ ಬಂದದ್ದು, ತಿದ್ದಬೇಕಾದ ದೋಷವಲ್ಲ ಎಂದು, ಹಿತ್ತಲಿಗೆ ಬಂದ ಅವರಿಗೆ ಸಾವಕಾಶವಾಗಿ ಹೇಳಿದೆ.

"ನಿಮ್ಮ ಮಾತು ಖರೆ ಇರಬಹುದ್ರಿ," ಅಂದರು ಅವರು. "ನಾಳೆ ಆ ಹೊಲಸ ಕೈಲೆ ಪಂಗ್ತಿಗೆ ನೀಡಿದ್ರ ಮಂದಿ ನಿಮ್ಮನ್ನ ಕೇಳೂದಿಲ್ಲ, ನನ್ನ ಕೇಳತಾರ. ಗಿಡಾಗಿ ಬಗ್ಗಲಾರದ್ದು ಮರಾಗಿ ಬಗ್ಗೀತೇನ್ರಿ?"

ಮರುದಿನ ಬೆಳಿಗ್ಗೆ ಮತ್ತೆ ಹೋದೆ. ಮಗ್ಗಗಳು ಇನ್ನೂ ಶುರುವಾಗಿರಲಿಲ್ಲ. ಅಜ್ಜ ದೇವರ ಕೋಣೆಯಲ್ಲಿ ಪೂಜೆಗೆ ಕೂತಿದ್ದರು. ಮೈಗೆ ವಿಭೂತಿ, ಎಡ ಅಂಗೈಯಲ್ಲಿ ಇಷ್ಟಲಿಂಗ. ಲಿಂಗವನ್ನು ಎಡಗೈಯಲ್ಲಿ ಹಿಡಿದೇ ಪೂಜಿಸುವುದು ಅವರ ಮನೆತನದ ನಿತ್ಯದ ಪದ್ಧತಿ. ಬಾಗಿಲಲ್ಲಿ ನಿಂತಿದ್ದ ಸೃಷ್ಟಿ ಮೆಲ್ಲಗೆ ಅವರ ಹತ್ತಿರ ಹೋದಳು.

"ಅಜ್ಜಾ, ಆ ಕೈಯಾಗ ಹಿಡೀಬ್ಯಾಡ. ದೇವ್ರು ಹೊಲಸ ಆಗತಾನ."

ಅದು ತುಂಟತನವಲ್ಲ. ಅಜ್ಜನಿಗೆ ಏನಾದರೂ ಆದೀತೆಂದು ಹೆದರಿ ಅವಳ ತುಟಿ ನಡುಗುತ್ತಿತ್ತು. ಸವಿತಾ ಓಡಿಹೋಗಿ ಎಳೆದುಕೊಳ್ಳಬೇಕೆನ್ನುವಷ್ಟರಲ್ಲಿ ಅಜ್ಜ ಬಲಗೈ ಎತ್ತಿ ಬೇಡವೆಂದು ಸನ್ನೆ ಮಾಡಿದರು. ಪೂಜೆ ಮುಗಿಸಿ ಹೊರಗೆ ಬಂದು ಮೊಮ್ಮಗಳ ಎಡಗೈಯನ್ನು ತಮ್ಮ ಕಣ್ಣಿಗೆ ಒತ್ತಿಕೊಂಡರು. ಮೊಳೆಯ ಮೇಲಿನ ಪಟ್ಟಿ ತೆಗೆದು ಒಲೆಗೆ ಹಾಕಿದರು. ಕೆಲಸ ಮುಗಿಯಿತು ಎಂದೇ ತಿಳಿದೆ.

ಮುಗಿದಿರಲಿಲ್ಲ. ಪಾಟಿ ಮುಂದಿಟ್ಟರೆ ಸೃಷ್ಟಿ ಬಲಗೈಯಲ್ಲೇ ಬಳಪ ಹಿಡಿದು ಸೊಟ್ಟ ಗೆರೆ ಎಳೆದಳು. ಎಡಗೈ ತೊಡೆಯ ಕೆಳಗೆ ಹೋಗಿತ್ತು.

"ಆ ಕೈಲೆ ಬರಿಯವ್ವಾ, ನಾ ಏನೂ ಅನ್ನಂಗಿಲ್ಲ," ಎಂದು ಅಜ್ಜ ಬೇಡಿಕೊಂಡರು.

"ಆ ಕೈಗೆ ಬರಂಗಿಲ್ಲ," ಅಂದಳು.

ಆಮೇಲೆ ಬಿಡುವಾದಾಗಲೆಲ್ಲ ಹೋದೆ. ಹಿಟ್ಟು, ಉಸುಕು, ಬಣ್ಣ ಎಲ್ಲ ಕೊಟ್ಟು ನೋಡಿದೆ. ಹಿಟ್ಟು ನಾದುವಾಗ ಎಡಗೈ ಹೊರಗೆ ಬರುತ್ತಿತ್ತು, ಬಳಪ ಕಂಡ ಕೂಡಲೇ ಅಡಗುತ್ತಿತ್ತು. ಜೂನ್‌ನಲ್ಲಿ ಶಾಲೆ ಸೇರಿದಳು. ಬಲಗೈಯಲ್ಲೇ ಬರೆದಳು, ಅಕ್ಷರ ಗೆರೆಯ ಮೇಲೆ ನೆಟ್ಟಗೆ ಕೂತವು. ಅಲ್ಲಿಯ ಶಿಕ್ಷಕಿಯರು ಹೊಗಳಿದರಂತೆ. ಕೇಳಿ ನನಗೇನೂ ಖುಷಿಯಾಗಲಿಲ್ಲ.

ನಾನು ನಿವೃತ್ತಳಾದ ಮೇಲೆ ಒಮ್ಮೆ ಗುರುಪಾದಪ್ಪನವರು ಬಜಾರದಲ್ಲಿ ಸಿಕ್ಕರು. "ಆಕಿ ಸಲುವಾಗಿ ಪಡಸಾಲಿ ಗ್ವಾಡಿಗೆ ಸುಣ್ಣಾ ಹಚ್ಚಿ ಬಿಟ್ಟೇನ್ರಿ ಅಕ್ಕಾರ, ಬೇಕಾದ್ದು ಬರೀಲಿ ಅಂತ. ಇವತ್ತಿನ ತನಕಾ ಒಂದ ಗೆರಿ ಇಲ್ಲ," ಅಂದರು.

ಮಗುವಿಗೆ ಬರೆಯುವುದನ್ನು ಹೇಗೆ ಕಲಿಸಲಿ ಎಂದು ಈಗಲೂ ತಾಯಂದಿರು ಕೇಳುತ್ತಾರೆ. ಅದು ಯಾವ ಕೈ ಚಾಚುತ್ತದೋ ಆ ಕೈಗೇ ಬಳಪ ಕೊಟ್ಟು ಸುಮ್ಮನಿರಿ ಅನ್ನುತ್ತೇನೆ. ಅಕ್ಷರಕ್ಕಿಂತ ಮೊದಲು ಮಗು ಕಲಿಯುವುದು ತನ್ನ ಕೈ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು. ಅದನ್ನು ಯಾರು ಬೇಕಾದರೂ ಕಲಿಸಿಬಿಡಬಹುದು. ಮರೆಸುವ ವಿದ್ಯೆ ಇಷ್ಟು ವರ್ಷದ ನೌಕರಿಯಲ್ಲಿ ನನಗೆ ಬರಲಿಲ್ಲ.