ಕೆಳಗಿನ ಅಂಚಿನವರೆಗೆ

ಕಳೆದ ವಾರ ಮಗಳ ಉಣ್ಣೆಯ ಸ್ವೆಟರನ್ನು ಮರೆತು ಡ್ರೈಯರಿಗೆ ಹಾಕಿಬಿಟ್ಟೆ. ಬಾಗಿಲು ತೆರೆದಾಗ ಬಿಸಿ ಉಣ್ಣೆಯ ವಾಸನೆ. ಫಾಸ್ಟರ್ ಸಿಟಿಯ ನಮ್ಮ ಹಳೆಯ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆ ಆಂಟಿಯ ನಡುಮನೆಯಲ್ಲಿ ಇದೇ ವಾಸನೆ ಇರುತ್ತಿತ್ತು...

ಆಂಟಿ ಇರಾನಿನವರು. ಎಂಬತ್ತು ದಾಟಿತ್ತು. ಚಿಕ್ಕವರಿದ್ದಾಗ ತಾಯಿಯ ಜೊತೆ ಮಗ್ಗದ ಮುಂದೆ ಕೂತು ಕಾರ್ಪೆಟ್ ನೇಯ್ದವರು. ಅವರ ಊರಿನಲ್ಲಿ ವಿನ್ಯಾಸವನ್ನು ಯಾರೂ ಬರೆದಿಡುತ್ತಿರಲಿಲ್ಲವಂತೆ. ಹಿರಿಯಳೊಬ್ಬಳು ರಾಗವೆಳೆದು ಸಾಲು ಸಾಲಾಗಿ ಹೇಳುವುದು: ಎರಡು ಕೆಂಪು, ಒಂದು ನೀಲಿ, ಮೂರು ಬಿಳಿ... ಹುಡುಗಿಯರು ಗಂಟು ಹಾಕಿ "ಆಯ್ತು" ಎನ್ನುವುದು. ಆಮೇಲೆ ಪೇಟೆಯ ವ್ಯಾಪಾರಿಗಳು ಚೌಕುಳಿ ಕಾಗದದ ಮೇಲೆ ಬರೆದ ವಿನ್ಯಾಸಗಳನ್ನು ತಂದರು, ಹೊರದೇಶದವರಿಗೆ ಬೇಕಾದ ಬಣ್ಣ, ಬೇಕಾದ ಅಳತೆಯಲ್ಲಿ. ತಾಯಿಯ ವಿನ್ಯಾಸ ತಾಯಿಯ ಬಾಯಲ್ಲೇ ಉಳಿದು ಆಂಟಿಗೆ ಬಂತು. ನೇಯ್ದ ಕಾರ್ಪೆಟ್ಟು ಮಾತ್ರ, ದೇಶ ಬಿಡುವಾಗ ಅಲ್ಲೇ ಉಳಿಯಿತು.

ಆ ವಿನ್ಯಾಸವನ್ನು ಬರೆಸಿಡಬೇಕೆಂದು ಅವರಿಗೆ ಆಸೆ. ಕಣ್ಣು ಮಂಜು. ಅವರ ಮಗಳಿಗೆ ಆಫೀಸು.

"ನೀನು ಕಾನ್ವೆಂಟ್ ಹುಡುಗಿ, ಅಕ್ಷರ ಚೆನ್ನಾಗಿರತ್ತೆ. ನೀನೇ ಬರಿ," ಎಂದರು ತಮ್ಮ ಹರುಕುಮುರುಕು ಇಂಗ್ಲಿಷಿನಲ್ಲಿ.

ಹಾಡುವುದು ಮಾತ್ರ ಫಾರ್ಸಿಯಲ್ಲೇ. ಇಂಗ್ಲಿಷಿನಲ್ಲಿ ಹೇಳಿ ಎಂದರೆ ರಾಗ ತಪ್ಪಿ ಸಾಲೇ ಮರೆತುಹೋಗುತ್ತಿತ್ತು. ಹಾಗಾಗಿ ಕಿವಿಗೆ ಬಿದ್ದಂತೆ ಕನ್ನಡ ಅಕ್ಷರದಲ್ಲಿ ಒಂದು ನೋಟ್‌ಪುಸ್ತಕಕ್ಕೆ ಬರೆದುಕೊಂಡೆ. ಅವರು ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

"ಇದೇನೇ, ಅಕ್ಷರಾನೋ ಗಂಟೋ?"

ಪ್ರತಿ ಗುರುವಾರ ಮಧ್ಯಾಹ್ನ ಸಕ್ಕರೆಯ ತುಂಡನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಚಹಾ ಕುಡಿದು, ಕಣ್ಣು ಮುಚ್ಚಿ ಶುರುಮಾಡುತ್ತಿದ್ದರು. ಬೆರಳುಗಳು ಮಡಿಲಲ್ಲೇ ಗಂಟು ಹಾಕುತ್ತಿದ್ದವು.

ಕೆಳಗಿನ ಅಂಚು ಮುಗಿದ ದಿನ ಹೇಳಿದರು, "ಅಂಚು ಊರಿನವರೆಲ್ಲರದೂ ಒಂದೇ. ಇನ್ನು ನಡುವಿನದು. ಅದು ನಮ್ಮಮ್ಮಂದು."

ಮುಂದಿನ ಗುರುವಾರ ನನ್ನ ಮಗಳ ಶಾಲೆಯಲ್ಲಿ ಪಾಟ್‌ಲಕ್, ಮನೆಗೊಂದು ಅಡುಗೆ ತಂದು ಹಂಚಿಕೊಳ್ಳುವ ಊಟ. ಚಿತ್ರಾನ್ನ ಮಾಡಿಕೊಡುತ್ತೇನೆಂದು ಒಪ್ಪಿಕೊಂಡಿದ್ದೆ.

"ಅದರ ಮುಂದಿನ ವಾರ ಬರ್ತೀನಿ ಆಂಟಿ."

"ಬಾ, ಬಾ. ನಾನೆಲ್ಲಿ ಹೋಗ್ತೀನಿ."

ಆ ನಡುವೆ ಅವರಿಗೆ ಸ್ಟ್ರೋಕ್ ಆಯಿತು. ಮಾತು ಹೋಯಿತು.

ನರ್ಸಿಂಗ್ ಹೋಮಿಗೆ ಪುಸ್ತಕ ಒಯ್ದು ಓದಿದೆ. ಹೊದಿಕೆಯ ಮೇಲೆ ಎಡಗೈ ಬೆರಳುಗಳು ನಿಧಾನವಾಗಿ ಆಡಿದವು. ಬರೆದದ್ದು ಮುಗಿಯಿತು. ಬೆರಳು ಎತ್ತಿದಂತೆಯೇ ಇತ್ತು, ಮುಂದಿನ ಬಣ್ಣಕ್ಕೆ. ಮತ್ತೆ ಮೊದಲ ಸಾಲು ಓದಿದೆ. ಅದಲ್ಲ ಎಂಬಂತೆ ತಲೆ ಅಲ್ಲಾಡಿಸಿದರು. ಇನ್ನೊಮ್ಮೆ ಹೋಗುವಷ್ಟರಲ್ಲಿ ಹಾಸಿಗೆ ಖಾಲಿಯಾಗಿತ್ತು...

ಈ ವಾರ ಅವರ ಮಗಳಿಗೆ ಫೋನು ಮಾಡಿ ಪುಸ್ತಕ ನನ್ನಲ್ಲಿದೆ ಎಂದೆ. ಅವಳಿಗೆ ಅದನ್ನು ಯಾರಿಂದಲಾದರೂ ನೇಯಿಸುವ ಆಸೆಯಂತೆ.

"ಎಷ್ಟಿದೆ?"

"ಕೆಳಗಿನ ಅಂಚು ಅಷ್ಟೇ. ನಡುವಿನದು ಶುರುವಾಗ್ಲೇ ಇಲ್ಲ."

"ಅಷ್ಟಾದ್ರೂ ಅಜ್ಜಿದು ಉಳೀತಲ್ಲ," ಎಂದಳು.

ಹೌದು ಎಂದೆ.